ದೇಹ ತಂಪು, ಮೆದುಳಿನ ಮೇಲೆ ಕಣ್ಣು: ಐಸಿಯುನಲ್ಲಿ ಇಇಜಿ ಹೇಳುವುದೇನು, ಹೇಳದಿರುವುದೇನು

ಹೃದಯ ನಿಂತು, ಮತ್ತೆ ಬಡಿಯಲು ಶುರುವಾಗಿ, ಆದರೂ ಎಚ್ಚರವಾಗದ ರೋಗಿಯ ದೇಹವನ್ನು ತಂಪು ಮಾಡಬೇಕೋ ಬೇಡವೋ? 2002ರಲ್ಲಿ ಬಂದ ಉತ್ತರ, ಮಾಡಬೇಕು. 2013ರಲ್ಲಿ, ಅಷ್ಟೊಂದು ತಂಪು ಬೇಕಿಲ್ಲ. 2021ರಲ್ಲಿ, ಜ್ವರ ಬರದಂತೆ ನೋಡಿಕೊಂಡರೆ ಸಾಕು. ಇದನ್ನೆಲ್ಲ ಸುದ್ದಿಯಲ್ಲಿ ಓದಿದವರಿಗೆ ತಲೆಕೆಡುವುದು ಸಹಜ.

ಇದರ ಜೊತೆಗೇ ಇನ್ನೊಂದು ಗೊಂದಲವೂ ಇದೆ. ಇಂಥ ರೋಗಿಗಳ ತಲೆಗೆ ವೈರುಗಳನ್ನು ಅಂಟಿಸಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮೆದುಳಿನ ಅಲೆಗಳನ್ನು ದಾಖಲಿಸುತ್ತಾರೆ. ತಂಪು ಮಾಡುವುದರಿಂದಲೇ ಅಷ್ಟೇನೂ ಲಾಭವಿಲ್ಲ ಅಂದಮೇಲೆ ಈ ಇಇಜಿ ಯಾಕೆ? ಅದರಿಂದ ಜೀವ ಉಳಿಯುತ್ತದೆಯೇ? "ಇಇಜಿ ಚೆನ್ನಾಗಿಲ್ಲ" ಎಂದು ವೈದ್ಯರು ಹೇಳಿದರೆ ಅಲ್ಲಿಗೆ ಮುಗಿಯಿತೇ? ಈ ಮೂರೂ ಬೇರೆ ಬೇರೆ ಪ್ರಶ್ನೆಗಳು. ಸುದ್ದಿಯಲ್ಲಿ ಮಾತ್ರ ಒಂದೇ ಮುದ್ದೆಯಾಗಿ ಬರುತ್ತವೆ.

ತಂಪು ಮಾಡುವುದು ಯಾಕೆ

ಮೊದಲಿಗೆ, ಹೃದಯ ಸ್ತಂಭನ ಬೇರೆ, ಹೃದಯಾಘಾತ ಬೇರೆ. ಹೃದಯಾಘಾತದಲ್ಲಿ ಹೃದಯದ ಒಂದು ಭಾಗಕ್ಕೆ ರಕ್ತ ನಿಲ್ಲುತ್ತದೆ. ಸ್ತಂಭನದಲ್ಲಿ ಹೃದಯ ರಕ್ತ ಹರಿಸುವುದನ್ನೇ ನಿಲ್ಲಿಸುತ್ತದೆ. ಹಾಗಾದಾಗ ಹತ್ತಿಪ್ಪತ್ತು ಸೆಕೆಂಡಿನೊಳಗೆ ಪ್ರಜ್ಞೆ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಮೆದುಳಿನ ಕೋಶಗಳಿಗೆ ಹಾನಿ ಶುರುವಾಗುತ್ತದೆ.

ಎದೆ ಒತ್ತಿ, ಶಾಕ್ ಕೊಟ್ಟು ಹೃದಯವನ್ನು ಮತ್ತೆ ನಡೆಸಿದರೂ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ರಕ್ತ ಮರಳಿ ಬಂದ ಮೇಲೂ ಗಂಟೆಗಳ ಕಾಲ, ದಿನಗಳ ಕಾಲ ಅದು ಮುಂದುವರಿಯುತ್ತದೆ. ನರಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಬಿಡುಗಡೆಯಾಗುತ್ತದೆ. ಮೆದುಳು ಊದಿಕೊಳ್ಳಬಹುದು. ಜ್ವರ ಬಂದರಂತೂ ಎಲ್ಲವೂ ಇನ್ನಷ್ಟು ಕೆಡುತ್ತದೆ.

ತಂಪು ಮಾಡುವ ಯೋಚನೆ ಹುಟ್ಟಿದ್ದು ಇಲ್ಲಿಂದ. ದೇಹದ ಉಷ್ಣತೆ ಒಂದು ಡಿಗ್ರಿ ಇಳಿದರೆ ಮೆದುಳಿಗೆ ಬೇಕಾದ ಆಮ್ಲಜನಕ ಸುಮಾರು 6ರಿಂದ 7 ಶೇಕಡಾ ಕಡಿಮೆಯಾಗುತ್ತದೆ. ಬೇಡಿಕೆ ಇಳಿದರೆ ಪೆಟ್ಟು ತಿಂದ ಕೋಶಗಳಿಗೆ ಸಾವರಿಸಿಕೊಳ್ಳಲು ಸ್ವಲ್ಪ ಸಮಯ ಸಿಗಬಹುದು. ಹಾಗಾಗಿ ತಣ್ಣೀರು ಹರಿಯುವ ಪ್ಯಾಡುಗಳನ್ನು ಮೈಗೆ ಸುತ್ತಿ, ಇಲ್ಲವೇ ದೊಡ್ಡ ರಕ್ತನಾಳದೊಳಗೆ ತಂಪು ಮಾಡುವ ಕೊಳವೆ ಇಟ್ಟು, ದೇಹವನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಿದ್ದರು. ಸುಮಾರು ಒಂದು ದಿನ ಹಾಗೇ ಇಟ್ಟು, ಆಮೇಲೆ ಗಂಟೆಗೆ ಕಾಲು ಅಥವಾ ಅರ್ಧ ಡಿಗ್ರಿಯಂತೆ ನಿಧಾನವಾಗಿ ಏರಿಸುತ್ತಿದ್ದರು.

ಆದರೆ ದೇಹ ಸುಮ್ನೆ ತಂಪಾಗುವುದಿಲ್ಲ. ನಡುಗುತ್ತದೆ. ನಡುಗಿದರೆ ಶಾಖ ಹುಟ್ಟುತ್ತದೆ, ಆಮ್ಲಜನಕವೂ ಜಾಸ್ತಿ ಖರ್ಚಾಗುತ್ತದೆ. ಮಾಡಿದ ಕೆಲಸವೆಲ್ಲ ವ್ಯರ್ಥ. ಅದಕ್ಕೆ ನಿದ್ರೆ ಬರಿಸುವ ಔಷಧ ಕೊಡುತ್ತಾರೆ. ಅದೂ ಸಾಲದಿದ್ದರೆ ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸುವ ಔಷಧ. ತೊಡಕು ಶುರುವಾಗುವುದು ಇಲ್ಲೇ.

ದೇಹ ಸುಮ್ಮನಾದ ಮೇಲೆ ಮೆದುಳನ್ನು ನೋಡುವುದು ಹೇಗೆ

ಕೋಮಾದಲ್ಲಿರುವ ರೋಗಿಯ ಮೆದುಳು ಹೇಗಿದೆ ಎಂದು ತಿಳಿಯಲು ವೈದ್ಯರು ಕರೆದು ನೋಡುತ್ತಾರೆ, ನೋವು ಕೊಟ್ಟು ನೋಡುತ್ತಾರೆ, ಕೈಕಾಲು ಅಲುಗಾಡುತ್ತವೆಯೇ ಎಂದು ಗಮನಿಸುತ್ತಾರೆ. ನಿದ್ರೆಯ ಔಷಧ ಮತ್ತು ಸ್ನಾಯು ಸಡಿಲಿಸುವ ಔಷಧ ಎರಡೂ ಒಳಗಿದ್ದಾಗ ಇದರಲ್ಲಿ ಯಾವುದೂ ನಡೆಯುವುದಿಲ್ಲ. ರೋಗಿ ಪ್ರತಿಕ್ರಿಯಿಸದಿರುವುದು ಮೆದುಳು ಹಾಳಾದದ್ದರಿಂದಲೋ, ಔಷಧದಿಂದಲೋ ಹೇಳಲಾಗದು.

ಫಿಟ್ಸ್ ವಿಷಯ ಇನ್ನೂ ಕಷ್ಟ. ಫಿಟ್ಸ್ ಎಂದರೆ ಕೈಕಾಲು ಬಡಿಯುವುದು, ಬಾಯಲ್ಲಿ ನೊರೆ ಬರುವುದು ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಅವೆಲ್ಲ ಹೊರಗೆ ಕಾಣುವ ಲಕ್ಷಣಗಳು. ನಿಜವಾದ ಘಟನೆ ನಡೆಯುವುದು ಮೆದುಳಿನಲ್ಲಿ. ನರಕೋಶಗಳ ಗುಂಪುಗಳು ಒಟ್ಟಿಗೆ, ಹತೋಟಿ ತಪ್ಪಿ, ವಿದ್ಯುತ್ ಸಂಕೇತಗಳನ್ನು ಹೊರಡಿಸುತ್ತವೆ. ಸ್ನಾಯುಗಳು ಔಷಧದಿಂದ ಸಡಿಲವಾಗಿದ್ದರೆ ಒಳಗೆ ಎಷ್ಟೇ ಗಲಾಟೆ ನಡೆದರೂ ಹೊರಗೆ ಒಂದು ಬೆರಳೂ ಅಲುಗಾಡದು. ಔಷಧ ಇಲ್ಲದಿದ್ದರೂ ತೀವ್ರವಾಗಿ ಪೆಟ್ಟಾದ ಮೆದುಳಿನಲ್ಲಿ ಹೊರಗೆ ಕಾಣದ ಫಿಟ್ಸ್ ಆಗುವುದುಂಟು. ಇಂಥವನ್ನು ಹಿಡಿಯಲು ಇರುವ ದಾರಿ ಇಇಜಿ ಒಂದೇ.

ಇಇಜಿ ಹೊಸ ತಂತ್ರಜ್ಞಾನವೇನಲ್ಲ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲೇ ಮನುಷ್ಯನ ತಲೆಯಿಂದ ಮೆದುಳಿನ ಅಲೆಗಳನ್ನು ದಾಖಲಿಸಿದರು. ತತ್ವ ಇಂದಿಗೂ ಅದೇ. ನೆತ್ತಿಯ ಮೇಲಿನ ಎಲೆಕ್ಟ್ರೋಡುಗಳು ಅತಿ ಸಣ್ಣ ವಿದ್ಯುತ್ ಏರಿಳಿತಗಳನ್ನು ಅಳೆಯುತ್ತವೆ. ಬದಲಾಗಿರುವುದು ಅವಧಿ. ಮಾಮೂಲಿ ಇಇಜಿ 20ರಿಂದ 30 ನಿಮಿಷದ್ದು. ಐಸಿಯುನಲ್ಲಿ ಈಗ ಬಳಸುವುದು ಬಿಡದೆ ನಡೆಯುವ ದಾಖಲೆ, ಜೊತೆಗೆ ವಿಡಿಯೋ. ಮುಂಜಾನೆ ಮೂರಕ್ಕೆ ಬಂದು ಹೋಗುವ ಫಿಟ್ಸ್, ಬೆಳಿಗ್ಗೆ ಹತ್ತಕ್ಕೆ ಮಾಡಿದ ಅರ್ಧ ಗಂಟೆಯ ಪರೀಕ್ಷೆಯಲ್ಲಿ ಸಿಗುವುದಿಲ್ಲ. ದೇಹವನ್ನು ಮತ್ತೆ ಬೆಚ್ಚಗಾಗಿಸುವ ಹೊತ್ತಿನಲ್ಲಿ ತಂಪೂ ನಿದ್ರೆಯ ಔಷಧವೂ ಒಟ್ಟಿಗೆ ಇಳಿಯುತ್ತವೆ. ಅಲ್ಲಿಯವರೆಗೆ ಅಡಗಿದ್ದ ಫಿಟ್ಸ್ ಆಗ ತಲೆಯೆತ್ತಬಹುದು. ಹಾಗಾಗಿ ಆ ಗಂಟೆಗಳಲ್ಲಿ ಪರದೆಯ ಮೇಲೆ ಕಣ್ಣಿಡುವುದು ಮುಖ್ಯ.

ಸಮಸ್ಯೆ ತಂಪಿನದ್ದೋ, ಔಷಧದ್ದೋ?

ತಂಪಾದ ಮೆದುಳಿನ ಅಲೆಗಳನ್ನು ನಂಬಬಹುದೇ ಎಂಬುದು ನ್ಯಾಯವಾದ ಅನುಮಾನ. ಉತ್ತರ ಎಷ್ಟು ತಂಪು ಎನ್ನುವುದರ ಮೇಲೆ ನಿಂತಿದೆ.

ಮಹಾಪಧಮನಿಯ ಕೆಲವು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ದೇಹವನ್ನು 18 ಡಿಗ್ರಿಯ ಆಸುಪಾಸಿಗೆ ಇಳಿಸುತ್ತಾರೆ. ಆಗ ಇಇಜಿ ಪೂರ್ತಿ ಚಪ್ಪಟೆಯಾಗುತ್ತದೆ. ಮತ್ತೆ ಬೆಚ್ಚಗಾದಂತೆ ಅಲೆಗಳು ಮರಳುತ್ತವೆ, ರೋಗಿ ಎದ್ದು ಮಾತಾಡುತ್ತಾನೆ. ಅಂದರೆ ಚಪ್ಪಟೆ ಗೆರೆ ಕಂಡಿತು ಅಂದಮಾತ್ರಕ್ಕೆ ಮೆದುಳು ಸತ್ತಿದೆ ಎಂದರ್ಥವಲ್ಲ. ಮೆದುಳು ಸಾವನ್ನು ಘೋಷಿಸುವ ಪರೀಕ್ಷೆಗೆ ದೇಹದ ಉಷ್ಣತೆ ಕನಿಷ್ಠ 36 ಡಿಗ್ರಿ ಇರಬೇಕು, ಔಷಧದ ಪ್ರಭಾವ ಕಳೆದಿರಬೇಕು ಎಂದು ಅಂತರರಾಷ್ಟ್ರೀಯ ಶಿಫಾರಸುಗಳು ಹೇಳುವುದು ಇದೇ ಕಾರಣಕ್ಕೆ.

ಆದರೆ ಹೃದಯ ಸ್ತಂಭನದ ನಂತರದ ತಂಪು ಅಷ್ಟು ಆಳದ್ದಲ್ಲ. 33 ಡಿಗ್ರಿಯಲ್ಲಿ ಅಲೆಗಳು ಸ್ವಲ್ಪ ನಿಧಾನವಾಗಬಹುದು, ಚಿತ್ರವೇ ಬದಲಾಗುವುದಿಲ್ಲ. ಚಿತ್ರ ಬದಲಿಸುವುದು ಪ್ರೊಪೊಫಾಲ್, ಮಿಡಾಜೊಲಾಮ್‌ನಂಥ ನಿದ್ರೆಯ ಔಷಧಗಳು. ಡೋಸ್ ಹೆಚ್ಚಾದರೆ ಆರೋಗ್ಯವಂತನ ಇಇಜಿಯನ್ನೂ ಅವು ತುಂಡುತುಂಡಾಗಿಸುತ್ತವೆ. ಒಂದಿಷ್ಟು ಅಲೆಗಳ ಸ್ಫೋಟ, ಆಮೇಲೆ ನಿಶ್ಶಬ್ದ, ಮತ್ತೆ ಸ್ಫೋಟ. ತೀವ್ರವಾಗಿ ಹಾನಿಯಾದ ಮೆದುಳೂ ಇದೇ ಥರದ ಚಿತ್ರ ತೋರಿಸುತ್ತದೆ.

ಮೇಲಾಗಿ, ತಂಪು ಈ ಔಷಧಗಳನ್ನು ದೇಹದಲ್ಲೇ ಹಿಡಿದಿಡುತ್ತದೆ. ಉಷ್ಣತೆ ಇಳಿದರೆ ಔಷಧ ಕರಗಿಸುವ ಯಕೃತ್ತಿನ ಕಿಣ್ವಗಳು ನಿಧಾನವಾಗುತ್ತವೆ. ಹೃದಯ ನಿಂತಾಗ ಯಕೃತ್ತು, ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿರುತ್ತದೆ. ಬೆಳಿಗ್ಗೆ ನಿಲ್ಲಿಸಿದ ಔಷಧ ಸಂಜೆಗೂ ಕೆಲಸ ಮಾಡುತ್ತಿರಬಹುದು. ಹಾಗಾಗಿ ಇಇಜಿ ಓದುವವರು ಥರ್ಮಾಮೀಟರ್‌ಗಿಂತ ಹೆಚ್ಚಾಗಿ ಔಷಧದ ಚಾರ್ಟ್ ನೋಡಬೇಕು.

ಸುದ್ದಿ ಬದಲಾದದ್ದು ಹೇಗೆ

2002ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಯುರೋಪಿನದರಲ್ಲಿ 275 ರೋಗಿಗಳು. ತಂಪು ಮಾಡಿದವರಲ್ಲಿ 55 ಶೇಕಡಾ ಮಂದಿ ಚೆನ್ನಾಗಿ ಚೇತರಿಸಿಕೊಂಡರು, ಮಾಡದವರಲ್ಲಿ 39 ಶೇಕಡಾ. ಆಸ್ಟ್ರೇಲಿಯಾದ್ದು ಇನ್ನೂ ಚಿಕ್ಕದು, 77 ರೋಗಿಗಳು. ಅಲ್ಲೂ ಲಾಭ ಕಂಡಿತು. ಜಗತ್ತಿನ ಐಸಿಯುಗಳು ತಂಪು ಮಾಡಲು ಶುರುಮಾಡಿದವು.

ಅನುಮಾನ ಆಗಲೇ ಇತ್ತು. ಯುರೋಪಿನ ಅಧ್ಯಯನದಲ್ಲಿ ತಂಪು ಮಾಡದ ಗುಂಪಿನ ಮೈ ಸಹಜಕ್ಕಿಂತ ಬೆಚ್ಚಗಿತ್ತು. ಹಾಗಿದ್ದರೆ ಲಾಭ ಬಂದದ್ದು ತಂಪಿನಿಂದಲೋ, ಜ್ವರ ತಪ್ಪಿದ್ದರಿಂದಲೋ? 2013ರಲ್ಲಿ 939 ರೋಗಿಗಳ ಅಧ್ಯಯನ 33 ಮತ್ತು 36 ಡಿಗ್ರಿಗಳನ್ನು ಹೋಲಿಸಿತು. ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ 1,900 ರೋಗಿಗಳ ಟಿಟಿಎಂ2 ಅಧ್ಯಯನ 33 ಡಿಗ್ರಿಯನ್ನು ಸಹಜ ಉಷ್ಣತೆಯ ಜೊತೆ ಹೋಲಿಸಿತು. ಆರು ತಿಂಗಳಲ್ಲಿ ತೀರಿಕೊಂಡವರು 50 ಮತ್ತು 48 ಶೇಕಡಾ. ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ತಂಪಾದವರಲ್ಲಿ ಹೃದಯದ ಲಯ ತಪ್ಪುವುದು ಮಾತ್ರ ಜಾಸ್ತಿ ಇತ್ತು. 2022ರಲ್ಲಿ ಯುರೋಪಿನ ಮಾರ್ಗಸೂಚಿ ಬದಲಾಯಿತು: ಉಷ್ಣತೆ 37.7 ಡಿಗ್ರಿ ದಾಟದಂತೆ ಕನಿಷ್ಠ 72 ಗಂಟೆ ನೋಡಿಕೊಳ್ಳಿ. ಅಮೆರಿಕದ ಮಾರ್ಗಸೂಚಿ 2023ರಲ್ಲಿ 32ರಿಂದ 37.5ರವರೆಗಿನ ಯಾವುದಾದರೂ ಒಂದು ಉಷ್ಣತೆಯನ್ನು ಆರಿಸಿಕೊಂಡು ಅಲ್ಲೇ ಸ್ಥಿರವಾಗಿ ಇಡಿ ಎಂದಿತು.

ತಂಪಿನ ಪರ ಇರುವವರೂ ಸುಮ್ಮನಾಗಿಲ್ಲ. ಶಾಕ್‌ಗೆ ಬಗ್ಗದ ಲಯದಿಂದ ಹೃದಯ ನಿಂತ 584 ರೋಗಿಗಳ ಫ್ರಾನ್ಸಿನ ಅಧ್ಯಯನದಲ್ಲಿ, 33 ಡಿಗ್ರಿಗೆ ಇಳಿಸಿದವರಲ್ಲಿ 10.2 ಶೇಕಡಾ ಮಂದಿಗೆ ಒಳ್ಳೆಯ ಚೇತರಿಕೆ ಕಂಡಿತು, ಇನ್ನೊಂದು ಗುಂಪಿನಲ್ಲಿ 5.7 ಶೇಕಡಾ. ಇದು 2019ರ ಫಲಿತಾಂಶ. ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ತಂಪು ಉಪಯೋಗ ಎಂದು ವಾದಿಸುವವರು ಇದನ್ನೇ ಮುಂದಿಡುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಇನ್ನೊಂದಿದೆ, ಸುದ್ದಿಗಳಲ್ಲಿ ಅದು ಬರಲೇ ಇಲ್ಲ. ಟಿಟಿಎಂ2ರ ಸಹಜ ಉಷ್ಣತೆಯ ಗುಂಪನ್ನು ಹಾಗೇ ಬಿಟ್ಟಿರಲಿಲ್ಲ. ಅವರಲ್ಲೂ 46 ಶೇಕಡಾ ಮಂದಿಗೆ ಜ್ವರ ತಡೆಯಲು ತಂಪು ಮಾಡುವ ಯಂತ್ರ ಬೇಕಾಯಿತು. ಎರಡೂ ಗುಂಪುಗಳಿಗೆ 40 ಗಂಟೆ ನಿದ್ರೆಯ ಔಷಧ ಕೊಡಲಾಗಿತ್ತು. 33 ಬಿಟ್ಟು 37ಕ್ಕೆ ಬಂದರೂ ರೋಗಿ ಕೋಮಾದಲ್ಲೇ ಇರುತ್ತಾನೆ, ವೆಂಟಿಲೇಟರ್ ಇರುತ್ತದೆ, ಮಂಪರಿನ ಔಷಧ ಇರುತ್ತದೆ. ಮೆದುಳು ಕಣ್ಣಿಗೆ ಕಾಣದ ಸ್ಥಿತಿ ಹಾಗೇ ಉಳಿಯುತ್ತದೆ. ಆದ್ದರಿಂದ "ತಂಪು ಬೇಡವಾದರೆ ಇಇಜಿಯೂ ಬೇಡ" ಎಂಬ ತರ್ಕ ನಿಲ್ಲುವುದಿಲ್ಲ. ಹೆಚ್ಚೆಂದರೆ ನಡುಕ ಕಡಿಮೆಯಾಗಿ, ಔಷಧ ಬೇಗ ಕರಗಿ, ಇಇಜಿ ಓದುವುದು ಸ್ವಲ್ಪ ಸುಲಭವಾಗುತ್ತದೆ.

ಗಡಿಯಾರ ನೋಡಿ ಓದಬೇಕಾದ ಪರೀಕ್ಷೆ

ಇಇಜಿಯ ನಿಜವಾದ ಉಪಯೋಗ ಇರುವುದು ಮುನ್ಸೂಚನೆಯಲ್ಲಿ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಅಲ್ಲೇ.

ಹೃದಯ ಮರಳಿ ಶುರುವಾದ ಮೊದಲ ಗಂಟೆಗಳಲ್ಲಿ ಬಹಳಷ್ಟು ರೋಗಿಗಳ ಇಇಜಿ ತೀರಾ ಕ್ಷೀಣವಾಗಿರುತ್ತದೆ. ಮುಂದೆ ಎದ್ದು ಮನೆಗೆ ಹೋಗುವವರದ್ದೂ ಹಾಗೇ ಇರಬಹುದು. ಆ ಹೊತ್ತಿನ ಕೆಟ್ಟ ಇಇಜಿಯಿಂದ ಏನೂ ತೀರ್ಮಾನಿಸುವಂತಿಲ್ಲ. ಆದರೆ ಮೊದಲ 12 ಗಂಟೆಗಳಲ್ಲೇ ಅಲೆಗಳು ತುಂಡಾಗದೆ, ಸಹಜ ಎತ್ತರದಲ್ಲಿ ಹರಿಯಲು ಶುರುವಾದರೆ ಅದು ಚೇತರಿಕೆಯ ಗಟ್ಟಿ ಸೂಚನೆ. ನಿದ್ರೆಯ ಔಷಧ ಇದ್ದೂ ಅಲೆಗಳು ಹೀಗಿದ್ದರೆ ಇನ್ನೂ ಒಳ್ಳೆಯದು. ಹೊತ್ತು ಕಳೆದಂತೆ ಲೆಕ್ಕ ತಿರುಗುತ್ತದೆ. ಒಂದು ದಿನ ದಾಟಿದ ಮೇಲೂ ಇಇಜಿ ಕ್ಷೀಣವಾಗಿಯೇ ಇದ್ದರೆ, ಅಥವಾ ಸ್ಫೋಟ–ನಿಶ್ಶಬ್ದದ ಚಿತ್ರವೇ ಮುಂದುವರಿದರೆ, ಆಗ ಅದು ಕೆಟ್ಟ ಸೂಚನೆ. ಒಟ್ಟಿನಲ್ಲಿ ಬೇಗ ಬಂದ ಒಳ್ಳೆಯ ಸುದ್ದಿಗೆ ಬೆಲೆ ಇದೆ. ಬೇಗ ಬಂದ ಕೆಟ್ಟ ಸುದ್ದಿಗೆ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಇಂಥ ರೋಗಿಗಳಲ್ಲಿ ಸಾವು ಹಲವು ಬಾರಿ ಬರುವುದು ಒಂದು ತೀರ್ಮಾನದ ಬೆನ್ನಿಗೆ. ಚೇತರಿಕೆ ಸಾಧ್ಯವಿಲ್ಲ ಅನಿಸಿದಾಗ ಲೈಫ್ ಸಪೋರ್ಟ್ ತೆಗೆಯುವ ದೇಶಗಳಲ್ಲಿ ಇದು ಸಾಮಾನ್ಯ. ಕೆಟ್ಟ ಇಇಜಿ ನೋಡಿ ಆಸೆ ಬಿಟ್ಟರೆ, ಚಿಕಿತ್ಸೆ ನಿಲ್ಲಿಸಿದರೆ, ರೋಗಿ ಸಾಯುತ್ತಾನೆ. ಆಮೇಲೆ ಲೆಕ್ಕ ಹಾಕುವಾಗ "ಕೆಟ್ಟ ಇಇಜಿ ಇದ್ದವರೆಲ್ಲ ಸತ್ತರು" ಎಂದು ಬರುತ್ತದೆ. ಪರೀಕ್ಷೆ ನಿಖರವಾಗಿದೆ ಅನಿಸುತ್ತದೆ. ಅದೇ ನಂಬಿಕೆಯಲ್ಲಿ ಮುಂದಿನ ರೋಗಿಗೂ ಅದೇ ತೀರ್ಮಾನ. ಪರೀಕ್ಷೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಈ ಸುಳಿ ಈ ಇಡೀ ವಿಷಯದ ಅತಿ ದೊಡ್ಡ ಅಪಾಯ ಎನ್ನಬೇಕು. ಲೈಫ್ ಸಪೋರ್ಟ್ ಅಪರೂಪಕ್ಕೆ ತೆಗೆಯುವ ದೇಶಗಳ ಅಂಕಿಅಂಶಗಳಿಗೆ ಸಂಶೋಧಕರು ಅಷ್ಟು ಬೆಲೆ ಕೊಡುವುದು ಇದಕ್ಕೇ.

ಸುಳಿ ತಪ್ಪಿಸಲು ಮಾರ್ಗಸೂಚಿಗಳು ಎರಡು ಬೇಲಿ ಹಾಕಿವೆ. ಒಂದು, ಸಮಯ. 2021ರ ಯುರೋಪಿಯನ್ ಮಾರ್ಗಸೂಚಿಯ ಪ್ರಕಾರ 72 ಗಂಟೆ ಕಳೆದ ಮೇಲೂ ರೋಗಿ ಕೋಮಾದಲ್ಲಿದ್ದರೆ, ಔಷಧದ ಪ್ರಭಾವ ಇಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುನ್ಸೂಚನೆಯ ಮಾತು. ಇನ್ನೊಂದು, ಸಾಕ್ಷಿ. ಒಂದೇ ಪರೀಕ್ಷೆ ಸಾಲದು. ಕಣ್ಣಿನ ಪಾಪೆ ಬೆಳಕಿಗೆ ಪ್ರತಿಕ್ರಿಯಿಸದಿರುವುದು, ಮಣಿಕಟ್ಟಿನ ನರಕ್ಕೆ ಕೊಟ್ಟ ಸಂಕೇತ ಮೆದುಳಿಗೆ ಎರಡೂ ಕಡೆ ತಲುಪದಿರುವುದು, ರಕ್ತದಲ್ಲಿ ಎನ್‌ಎಸ್‌ಇ ಎಂಬ ಪ್ರೋಟೀನ್ ಏರಿರುವುದು, ಸ್ಕ್ಯಾನ್‌ನಲ್ಲಿ ವ್ಯಾಪಕ ಹಾನಿ, 24 ಗಂಟೆಯ ನಂತರದ ಕೆಟ್ಟ ಇಇಜಿ, ಹೀಗೆ ಕೆಲವು ಸೂಚನೆಗಳಿವೆ. ಇವುಗಳಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಬೇಕು. ಒಂದು ಹೌದು, ಇನ್ನೊಂದು ಅಲ್ಲ ಎಂದರೆ ಕಾಯಬೇಕು.

ಫಿಟ್ಸ್ ಕಂಡರೆ ಚಿಕಿತ್ಸೆ ಕೊಡಲೇಬೇಕೇ?

ಕಂಡದ್ದಕ್ಕೆ ಔಷಧ ಕೊಟ್ಟರೆ ರೋಗಿಗೆ ಒಳ್ಳೆಯದಾಗಬೇಕಲ್ಲ? ಪುರಾವೆ ಅಷ್ಟು ಸರಳವಾಗಿಲ್ಲ.

ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ಟೆಲ್‌ಸ್ಟಾರ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೃದಯ ಸ್ತಂಭನದ ನಂತರ ಕೋಮಾದಲ್ಲಿದ್ದು, ಇಇಜಿಯಲ್ಲಿ ಲಯಬದ್ಧವಾಗಿ ಮತ್ತೆ ಮತ್ತೆ ಬರುವ ಅಸಹಜ ಅಲೆಗಳಿದ್ದ 172 ರೋಗಿಗಳು ಅದರಲ್ಲಿದ್ದರು. ಅರ್ಧ ಜನರಿಗೆ ಆ ಅಲೆಗಳನ್ನು ಪೂರ್ತಿ ಅಡಗಿಸುವಷ್ಟು ಜೋರು ಚಿಕಿತ್ಸೆ. ಮೂರು ತಿಂಗಳ ನಂತರ ಕೆಟ್ಟ ಫಲಿತಾಂಶ ಈ ಗುಂಪಿನಲ್ಲಿ 90 ಶೇಕಡಾ, ಇನ್ನೊಂದರಲ್ಲಿ 92.

ಇದನ್ನು ಎರಡು ರೀತಿ ಓದುತ್ತಾರೆ. ಈ ಅಲೆಗಳು ಹಾನಿಯ ಕಾರಣವಲ್ಲ, ಹಾನಿಯ ಗುರುತು. ಗುರುತನ್ನು ಅಳಿಸಿದರೆ ಹಾನಿ ಹೋಗದು ಎನ್ನುತ್ತಾರೆ ಒಂದು ಕಡೆಯವರು. ಅಧ್ಯಯನದಲ್ಲಿ ಸ್ಪಷ್ಟವಾದ ಫಿಟ್ಸ್ ಇದ್ದವರು ಕಡಿಮೆ, ಹೆಚ್ಚಿನವರದ್ದು ಬೇರೆ ಥರದ ಅಲೆ. ಒಳ್ಳೆಯ ಹಿನ್ನೆಲೆ ಅಲೆಗಳ ಮೇಲೆ ತಡವಾಗಿ ಫಿಟ್ಸ್ ಶುರುವಾದ ರೋಗಿಗೆ ಈ ಫಲಿತಾಂಶ ಅನ್ವಯಿಸಬಾರದು ಎನ್ನುತ್ತಾರೆ ಇನ್ನೊಂದು ಕಡೆಯವರು. ಎರಡನೆಯ ಮಾತಿನಲ್ಲಿ ತೂಕ ಇದೆ. ಎಲ್ಲ ಅಸಹಜ ಅಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಬಿಡದೆ ದಾಖಲಿಸುವ ಇಇಜಿಯ ಬಗ್ಗೆಯೂ ಇಂಥದ್ದೇ ಪ್ರಶ್ನೆ. ಪ್ರಜ್ಞೆ ತಪ್ಪಿದ ಗಂಭೀರ ರೋಗಿಗಳ ಮೇಲೆ ನಡೆದ ಸ್ವಿಟ್ಜರ್ಲೆಂಡಿನ ಅಧ್ಯಯನ 2020ರಲ್ಲಿ ಬಂತು. ಬಿಡದೆ ನೋಡಿದಾಗ ಫಿಟ್ಸ್ ಜಾಸ್ತಿ ಸಿಕ್ಕಿತು, ಚಿಕಿತ್ಸೆಯೂ ಹೆಚ್ಚು ಬದಲಾಯಿತು. ಆದರೆ ಆರು ತಿಂಗಳ ಸಾವಿನ ಲೆಕ್ಕ, ಎರಡು ಬಾರಿ ಚಿಕ್ಕ ಇಇಜಿ ಮಾಡಿದವರಿಗಿಂತ ಬೇರೆಯಾಗಲಿಲ್ಲ. ಸೌಲಭ್ಯ ಕಡಿಮೆ ಇರುವ ಆಸ್ಪತ್ರೆಗಳಿಗೆ ಇದು ಸಮಾಧಾನದ ಸುದ್ದಿ. ಸರಿಯಾದ ಹೊತ್ತಿನಲ್ಲಿ ಮಾಡಿದ ಒಂದೆರಡು ಚಿಕ್ಕ ಇಇಜಿಗಳಿಂದಲೂ ಕೆಲಸ ಬಹುಮಟ್ಟಿಗೆ ನಡೆಯುತ್ತದೆ.

ನವಜಾತ ಶಿಶುಗಳ ಲೆಕ್ಕ ಬೇರೆ

ಮೇಲಿನ ಗೊಂದಲವೆಲ್ಲ ದೊಡ್ಡವರದ್ದು. ಹುಟ್ಟುವಾಗ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದ ಶಿಶುಗಳಲ್ಲಿ ತಂಪು ಚಿಕಿತ್ಸೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹುಟ್ಟಿದ ಆರು ಗಂಟೆಯೊಳಗೆ ಶುರುಮಾಡಿ, 33.5 ಡಿಗ್ರಿಯ ಹತ್ತಿರ, 72 ಗಂಟೆ. ಶ್ರೀಮಂತ ದೇಶಗಳ ಅಧ್ಯಯನಗಳಲ್ಲಿ ಸಾವು ಮತ್ತು ಅಂಗವೈಕಲ್ಯ ಎರಡೂ ಕಡಿಮೆಯಾದವು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಲಾಭ ಸಿಗಲಿಲ್ಲ. ತಂಪು ಮಾಡಿದ ಗುಂಪಿನಲ್ಲಿ ಸಾವು 42 ಶೇಕಡಾ, ಇನ್ನೊಂದರಲ್ಲಿ 31. ಪೆಟ್ಟು ಹೆರಿಗೆಗೂ ಮೊದಲೇ ಬಿದ್ದಿದ್ದರೆ ಆರು ಗಂಟೆಯ ಕಿಟಕಿ ಆಗಲೇ ಮುಚ್ಚಿರುತ್ತದೆ ಎಂಬುದು ಕೊಡಲಾಗುವ ಒಂದು ವಿವರಣೆ.

ಶಿಶುಗಳಲ್ಲಿ ಬಳಸುವುದು ಕೆಲವೇ ಎಲೆಕ್ಟ್ರೋಡುಗಳಿರುವ, ಗಂಟೆಗಳ ದಾಖಲೆಯನ್ನು ಒಂದು ಪರದೆಗೆ ಕುಗ್ಗಿಸಿ ತೋರಿಸುವ ಸರಳ ಇಇಜಿ. ನರ್ಸ್‌ಗಳೂ ಕಲಿತು ಓದಬಹುದು. ಸಮಯದ ನಿಯಮ ಇಲ್ಲೂ ಇದೆ, ಆದರೆ ತಂಪು ಅದನ್ನು ಮುಂದೂಡುತ್ತದೆ. ತಂಪು ಮಾಡದ ಶಿಶುವಿನ ಅಲೆಗಳು 24 ಗಂಟೆಯೊಳಗೆ ಸಹಜವಾದರೆ ಒಳ್ಳೆಯ ಸೂಚನೆ. ತಂಪು ಮಾಡಿದ ಶಿಶುವಿಗೆ 48 ಗಂಟೆಯವರೆಗೂ ಆಸೆ ಇಟ್ಟುಕೊಳ್ಳಬಹುದು. ಹಳೆಯ ಲೆಕ್ಕವನ್ನೇ ಹಿಡಿದು ಕೂತರೆ ಚೇತರಿಸಿಕೊಳ್ಳುವ ಮಗುವಿನ ಬಗ್ಗೆ ತಪ್ಪು ಹೇಳಿದಂತಾಗುತ್ತದೆ. ಇನ್ನೊಂದು ಎಚ್ಚರಿಕೆ: ಫಿಟ್ಸ್ ತಡೆಯುವ ಫಿನೋಬಾರ್ಬಿಟಾಲ್ ಔಷಧ ಕೊಟ್ಟ ಮೇಲೆ ಮಗುವಿನ ಕೈಕಾಲಿನ ಸೆಳೆತ ನಿಂತರೂ ಮೆದುಳಿನೊಳಗಿನ ಫಿಟ್ಸ್ ಮುಂದುವರಿಯಬಹುದು.

ಕೊರತೆ ಇರುವುದು ಓದುವವರದ್ದು

ಯಂತ್ರ ಕೊಳ್ಳುವುದು ಸುಲಭ. ರಾತ್ರಿ ಎರಡು ಗಂಟೆಗೆ ಆ ಪರದೆ ನೋಡಿ ಅರ್ಥಮಾಡಿಕೊಳ್ಳುವವರು ಸಿಗುವುದು ಕಷ್ಟ. ಐಸಿಯು ಇಇಜಿಗೆ ಒಳ್ಳೆಯ ಜಾಗವೂ ಅಲ್ಲ. ವೆಂಟಿಲೇಟರ್, ಪಂಪುಗಳು, ಹೃದಯದ ಬಡಿತ, ನಡುಕ, ಎಲ್ಲವೂ ಅಲೆಗಳಂತೆ ದಾಖಲಾಗುತ್ತವೆ. ನಡುಕವನ್ನು ಫಿಟ್ಸ್ ಎಂದುಕೊಂಡರೆ ಬೇಡದ ಔಷಧ ಹೋಗುತ್ತದೆ. ಆ ಔಷಧ ಇಇಜಿಯನ್ನು ಇನ್ನಷ್ಟು ಕ್ಷೀಣಗೊಳಿಸುತ್ತದೆ, ಮುನ್ಸೂಚನೆ ಇನ್ನಷ್ಟು ತಡವಾಗುತ್ತದೆ. ಒಂದೇ ಅಲೆಗೆ ಇಬ್ಬರು ತಜ್ಞರು ಬೇರೆ ಬೇರೆ ಹೆಸರು ಕೊಡದಿರಲಿ ಎಂದು ಅಮೆರಿಕದ ತಜ್ಞರ ಸಂಘವೊಂದು ಐಸಿಯು ಇಇಜಿಗೆಂದೇ ಪರಿಭಾಷೆ ರೂಪಿಸಿ, 2021ರಲ್ಲಿ ಪರಿಷ್ಕರಿಸಿದೆ. ಕಂಪ್ಯೂಟರ್ ಓದುವ ವಿಧಾನಗಳೂ ಬರುತ್ತಿವೆ. ಆದರೆ ರೋಗಿಗೆ ಎಷ್ಟು ಮಂಪರಿನ ಔಷಧ ಹೋಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಾಫ್ಟ್‌ವೇರ್, ಅದೇ ಹಳೆಯ ತಪ್ಪನ್ನು ಇನ್ನೂ ವೇಗವಾಗಿ ಮಾಡುತ್ತದೆ.

ಹೊರಗೆ ಕಾಯುವ ಮನೆಯವರಿಗೆ "ಇಇಜಿ ಚೆನ್ನಾಗಿಲ್ಲ" ಎಂದರೆ ಅವರು ಕೇಳಬಹುದಾದ ಪ್ರಶ್ನೆಗಳು ಇವೆಲ್ಲದರಿಂದ ಹುಟ್ಟುತ್ತವೆ. ಹೃದಯ ಮರಳಿ ಶುರುವಾಗಿ ಎಷ್ಟು ಗಂಟೆಯಾಗಿತ್ತು? ಆಗ ಯಾವ ನಿದ್ರೆಯ ಔಷಧ ಹೋಗುತ್ತಿತ್ತು, ನಿಲ್ಲಿಸಿ ಎಷ್ಟು ಹೊತ್ತಾಗಿದೆ? ಮೊದಲಿನ ಇಇಜಿಗಿಂತ ಇದು ಸುಧಾರಿಸಿದೆಯೋ, ಕೆಟ್ಟಿದೆಯೋ? ಬೇರೆ ಯಾವ ಪರೀಕ್ಷೆ ಇದೇ ಮಾತು ಹೇಳುತ್ತಿದೆ? ನಾಲ್ಕಕ್ಕೂ ಉತ್ತರ ಕೊಡುವಷ್ಟು ಮಾಹಿತಿ ಸಾಮಾನ್ಯವಾಗಿ ರೋಗಿಯ ಚಾರ್ಟ್‌ನಲ್ಲೇ ಇರುತ್ತದೆ.